ಕಂಟಿನ್ಯುಟಿ ಮೇಡಂ

ಬೀಳ್ಕೊಡುಗೆಯ ದಿನವೂ ಮೇಡಂ ಜಗಳವಾಡಿಯೇ ಹೋದರು. ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಡುವ ಹೊತ್ತಿಗೆ ಸರಿಯಾಗಿ ನಮ್ಮ ಸಂಪಾದಕರು ಕಣ್ಣು ಮುಚ್ಚಿಬಿಟ್ಟಿದ್ದರು. ಫೋಟೋ ತೆಗೆಯುತ್ತಿದ್ದವನು ಇನ್ನೊಂದು ಸಲ ಹೊದಿಸಿ ಸಾರ್ ಎಂದ. ಸಂಪಾದಕರು ಶಾಲು ತೆಗೆಯಲು ಕೈ ಚಾಚಿದರು. ಮೇಡಂ ಬಿಡಲಿಲ್ಲ. ಹೊದಿಸಿದ್ದು ಆಯಿತು, ಮತ್ತೆ ಹೊದಿಸಿದರೆ ಅದು ಸನ್ಮಾನವಲ್ಲ, ಶೂಟಿಂಗು ಎಂದು ಶಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತರು. ಹಾಗಾಗಿ ನಮ್ಮ ರಾಜಾಜಿನಗರದ ಕಚೇರಿಯ ಗೋಡೆಯ ಮೇಲೆ ಈಗ ಇರುವ ಚಿತ್ರದಲ್ಲಿ ಸಂಪಾದಕರು ನಿಂತಲ್ಲೇ ನಿದ್ದೆ ಹೋದವರಂತೆ ಕಾಣುತ್ತಾರೆ, ಮೇಡಂ ಮಾತ್ರ ಕ್ಯಾಮೆರಾವನ್ನೇ ನುಂಗುವ ಹಾಗೆ ನೋಡುತ್ತಿದ್ದಾರೆ.

ನಮ್ಮದು ಮೊಬೈಲಿನಲ್ಲಿ ಓದುವ ಸುದ್ದಿ ತಾಣ. ಜನ ವಾಟ್ಸಾಪಿನಲ್ಲಿ ಹಂಚುವ ಚಿತ್ರ, ವಿಡಿಯೋಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡಿ ಹೇಳುವ ವಿಭಾಗಕ್ಕೆ ಮೇಡಂ ಮುಖ್ಯಸ್ಥೆಯಾಗಿದ್ದರು. ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ಕಲಿತೆ ಎನ್ನುವುದಕ್ಕಿಂತ ಬೈಸಿಕೊಂಡೆ ಎಂದರೆ ಹೆಚ್ಚು ಸರಿ.

ಅವರು ಪತ್ರಿಕೋದ್ಯಮ ಓದಿದವರಲ್ಲ. ಧಾರಾವಾಹಿಗಳ ಸೆಟ್ಟಿನಲ್ಲಿ ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದವರು. ಇವತ್ತು ಒಂದು ದೃಶ್ಯದ ಅರ್ಧ ತೆಗೆದು, ಉಳಿದರ್ಧವನ್ನು ವಾರ ಬಿಟ್ಟು ತೆಗೆಯುವಾಗ ಅತ್ತೆಯ ಬಳೆ ಅದೇ ಇದೆಯೇ, ಲೋಟದಲ್ಲಿ ಕಾಫಿ ಅಷ್ಟೇ ಇದೆಯೇ, ಗೋಡೆ ಗಡಿಯಾರ ಅದೇ ಗಂಟೆ ತೋರಿಸುತ್ತಿದೆಯೇ ಎಂದು ಕಾಯುವ ಕೆಲಸ. ಕೆಂಗೇರಿ ಆಚೆಯ ಶೂಟಿಂಗ್ ಮನೆಗಳಲ್ಲಿ ಇದೇ ಕೆಲಸ ಮಾಡಿ ಕೂದಲು ಹಣ್ಣಾಗಿಸಿಕೊಂಡಿದ್ದರು. ನಾಯಕಿ ಅಳುತ್ತಿದ್ದರೆ ಇಡೀ ಸೆಟ್ಟು ಕಣ್ಣೊರೆಸಿಕೊಳ್ಳುತ್ತಿತ್ತಂತೆ, ಇವರು ಮಾತ್ರ ಕಣ್ಣೀರು ಎಡಗಣ್ಣಿನಿಂದ ಮೊದಲು ಬಂತೋ ಬಲಗಣ್ಣಿನಿಂದಲೋ ಎಂದು ನೋಡುತ್ತಿದ್ದರಂತೆ.

ನಮ್ಮ ಕಚೇರಿಗೆ ಅವರು ಬಂದದ್ದು ದೂರು ಹೇಳಲು. ನಾವು ಒಮ್ಮೆ ಸಿಲಿಂಡರ್ ಸಿಡಿದು ಮನೆ ಸುಟ್ಟುಹೋಯಿತು ಎಂಬ ಸುದ್ದಿಗೆ ಯಾರೋ ಕಳಿಸಿದ ಚಿತ್ರ ಹಾಕಿದ್ದೆವು. ಮಾರನೆಯ ಬೆಳಗ್ಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದು, ಈ ಮನೆಯನ್ನು ಸುಟ್ಟಿದ್ದು ನಾವೇ, ಎಪಿಸೋಡಿಗೋಸ್ಕರ ಸುಟ್ಟಿದ್ದು, ಅಂಗಳದ ತುಳಸಿಕಟ್ಟೆ ಥರ್ಮಾಕೋಲಿನದು, ನೋಡಿ ಮೂಲೆ ಕರಗಿದೆ ಎಂದು ಬೆರಳಿಟ್ಟು ತೋರಿಸಿದರು. ಸಂಪಾದಕರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆದರೆ ಅವರು ಜಾಣರು. ಚಿತ್ರ ತೆಗೆಸಿ ಹಾಕಿ, ಕಾಫಿ ತರಿಸಿ, ಕಾಫಿ ಮುಗಿಯುವಷ್ಟರಲ್ಲಿ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿಬಿಟ್ಟರು.

ವಿಡಿಯೋ ನೋಡಲು ಅವರದೇ ಒಂದು ಕ್ರಮವಿತ್ತು. ಮೊದಲು ಸದ್ದಿಲ್ಲದೆ ನೋಡಬೇಕು. ಆಮೇಲೆ ಕಣ್ಣು ಮುಚ್ಚಿ ಸದ್ದು ಮಾತ್ರ ಕೇಳಬೇಕು. ಎರಡೂ ಆದ ಮೇಲಷ್ಟೇ ಕಣ್ಣು ಕಿವಿ ಎರಡನ್ನೂ ಒಟ್ಟಿಗೆ ತೆರೆಯಬಹುದು. ಅಳು, ಹಿನ್ನೆಲೆ ಸಂಗೀತ, ಕೂಗಾಟ ಇವೆಲ್ಲ ಸೇರಿದರೆ ಮನುಷ್ಯ ನೋಡುವುದನ್ನು ಬಿಟ್ಟು ನಂಬಲು ಶುರುಮಾಡುತ್ತಾನೆ ಎಂದು ಅವರ ವಾದ. ಹೊಸದಾಗಿ ಸೇರಿದವರು ಮಧ್ಯಾಹ್ನದ ಹೊತ್ತು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಮೇಡಂ ಅವರನ್ನು ನೋಡಿ ಊಟ ಹೆಚ್ಚಾಗಿದೆ ಎಂದುಕೊಳ್ಳುತ್ತಿದ್ದರು.

ಒಂದು ಮಳೆಗಾಲದಲ್ಲಿ ವಿಜಯನಗರ ಮುಳುಗಿತು ಎಂಬ ವಿಡಿಯೋ ಬೆಳಗ್ಗೆಯಿಂದ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ರಸ್ತೆಯಲ್ಲಿ ಸೊಂಟದವರೆಗೆ ನೀರು, ತೇಲುತ್ತಿರುವ ಆಟೋ. ನಾನು ಗಾಬರಿಯಾಗಿ ಮನೆಗೆ ಫೋನ್ ಮಾಡಿದೆ, ನಮ್ಮ ಮನೆ ಇರುವುದೂ ಅಲ್ಲೇ. ಮೇಡಂ ಒಮ್ಮೆ ನೋಡಿ, ಅಂಗಡಿಯ ಬೋರ್ಡು ವಿಜಯನಗರದ್ದೇ ಹೌದು, ಆದರೆ ಮೆಟ್ರೋ ಕಂಬ ಎಲ್ಲಿ, ಮಳೆಗೆ ಅದೂ ಕೊಚ್ಚಿಕೊಂಡು ಹೋಯಿತೇ ಎಂದು ಕೇಳಿದರು. ಮೆಟ್ರೋ ಬರುವ ಮುಂಚಿನ ಯಾವುದೋ ಹಳೆಯ ಮಳೆ ಅದು. ಆ ಕಂಬಗಳ ಕೆಳಗೇ ದಿನಾ ಓಡಾಡುವವಳು ನಾನು. ಅದನ್ನು ಅವರು ವಾರಗಟ್ಟಲೆ ಎಲ್ಲರ ಮುಂದೆ ಹೇಳಿಕೊಂಡು ನಕ್ಕರು.

ಇಂಥವರು ಮನೆಯಲ್ಲಿದ್ದರೆ ನೆಂಟರಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಬಸವೇಶ್ವರನಗರದ ಅವರ ಮನೆಯವರದೊಂದು ವಾಟ್ಸಾಪ್ ಗುಂಪಿತ್ತು. ಅವರ ನಾದಿನಿ ಬೆಳಗಾದರೆ ಪವಾಡದ ಚಿತ್ರ ಹಾಕುತ್ತಿದ್ದರು, ಇವರು ಕೆಳಗೆ ಮೂಲ ಚಿತ್ರ ಹಾಕುತ್ತಿದ್ದರು. ಗುಂಪಿನಿಂದ ಅವರನ್ನು ತೆಗೆಯುವುದು, ಹಬ್ಬ ಬಂದಾಗ ಸೇರಿಸುವುದು, ಮತ್ತೆ ತೆಗೆಯುವುದು ನಡೆದೇ ಇತ್ತು. ನನಗೆ ಬಂದ ಒಂದು ಸಂಬಂಧವೂ ಅವರ ಕಣ್ಣಿಗೆ ಬಿದ್ದೇ ಮುರಿಯಿತು. ವರ ಹೊಸ ಕಾರಿಗೆ ಒರಗಿ ನಿಂತ ಚಿತ್ರ ಕಳಿಸಿದ್ದ. ಮೇಡಂ ಅದನ್ನು ಹಿಗ್ಗಿಸಿ ನೋಡಿ, ಸಾಲಾಗಿರುವ ಕಾರುಗಳಿಗೆಲ್ಲ ಒಂದೇ ಥರದ ಹೂವಿನ ಹಾರ ಇದೆ, ಇದು ಆಯುಧಪೂಜೆಯ ದಿನ ಶೋರೂಮಿನ ಅಂಗಳ ಎಂದರು. ಅಮ್ಮ ಅವರಿಗೆ ಶಾಪ ಹಾಕಿದಳು. ನಾನು ಇವತ್ತಿಗೂ ಋಣಿ.

ಇಷ್ಟು ಚೂಪಾದ ಕಣ್ಣಿನವರು ಎಡವಿದ್ದು ಒಂದೇ ಸಲ ಎಂದು ನಾನು ಹೇಳಲಾರೆ. ಆದರೆ ಎಡವಿದ ಮೇಲೆ ಏನು ಮಾಡಬೇಕು ಎಂದು ನಾನು ಕಲಿತದ್ದು ಆ ಒಂದು ಸಲ.

ನಾಗರಬಾವಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಬಾಡಿಗೆ ಕೋಣೆಗಳಲ್ಲಿರುವ ಕಾಲೇಜು ಹುಡುಗರು, ಡೆಲಿವರಿ ಹುಡುಗರು, ಊರು ಬಿಟ್ಟು ಬಂದ ಆ ಕಡೆಯವರೆಲ್ಲ ಜೋಳದ ರೊಟ್ಟಿಗೆ ಅವಳನ್ನೇ ನಂಬಿಕೊಂಡಿದ್ದರು. ಎಲ್ಲರಿಗೂ ಅವಳು ಅಕ್ಕ. ಒಂದು ದಿನ ಜಾಲತಾಣದ ಯಾವುದೋ ಪುಟದಲ್ಲಿ ಅವಳ ವಿಡಿಯೋ ಬಂತು. ಮೇಲಿನಿಂದ ತೆಗೆದದ್ದು. ಬಕೆಟ್ಟಿನೊಳಗೆ ನೆಲ ಒರೆಸುವ ಕೋಲು ನಿಂತಿದೆ, ನೀರು ಮಬ್ಬಾಗಿದೆ, ಹಸಿರು ಗಾಜಿನ ಬಳೆ ತುಂಬಿದ ಕೈಯೊಂದು ಅದೇ ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು ಪರಾತು ಎನ್ನುವ ಅಗಲ ತಟ್ಟೆಯ ಹಿಟ್ಟಿಗೆ ಸುರಿಯುತ್ತದೆ. ಚಿತ್ರ ಒಮ್ಮೆ ಜಗ್ಗಿ ಅಲುಗುತ್ತದೆ. ಆಮೇಲೆ ಹಿಟ್ಟು ನಾದುವ ಕೈಗಳು. ನೆಲ ಒರೆಸಿದ ನೀರಲ್ಲಿ ರೊಟ್ಟಿ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು.

ಎರಡೇ ದಿನದಲ್ಲಿ ಖಾನಾವಳಿ ಖಾಲಿಯಾಯಿತು. ಬಡಾವಣೆಯ ಗುಂಪುಗಳಲ್ಲೆಲ್ಲ ಅವಳ ಅಂಗಡಿಯ ಗುರುತು ಹಂಚಿದರು. ಕಟ್ಟಡದ ಮಾಲೀಕರು ಈ ಗಲಾಟೆ ತಣ್ಣಗಾಗದಿದ್ದರೆ ತಿಂಗಳ ಕೊನೆಗೆ ಜಾಗ ಬಿಡಬೇಕು ಎಂದರು. ಅಲ್ಲೇ ಉಣ್ಣುವ ಒಬ್ಬ ಕಾನೂನು ವಿದ್ಯಾರ್ಥಿ ವಿಡಿಯೋವನ್ನು ನಮಗೆ ಕಳಿಸಿ, ಇದನ್ನು ನೋಡಿ ಹೇಳಿ ಎಂದು ಬೇಡಿಕೊಂಡ. ನಾನು ಅಕ್ಕನಿಗೆ ಫೋನ್ ಮಾಡಿದೆ. ಹಿಟ್ಟು ನಾದುವ ಕೈ ತನ್ನದೇ ಎಂದಳು. ಬಕೆಟ್ಟಿನ ಭಾಗದ ಬಗ್ಗೆ ಕೇಳಿದರೆ, ಆ ವಿಡಿಯೋ ತಾನು ನೋಡಿಯೇ ಇಲ್ಲ, ನೋಡುವುದೂ ಇಲ್ಲ ಎಂದು ಅಳುತ್ತ ಫೋನ್ ಇಟ್ಟುಬಿಟ್ಟಳು.

ಮೇಡಂ ಸದ್ದಿಲ್ಲದೆ ನೋಡಿದರು, ಕಣ್ಣು ಮುಚ್ಚಿ ಕೇಳಿದರು. ಮೂರನೆಯ ಸಲಕ್ಕೆ ಮೇಜು ಕುಟ್ಟಿದರು. ನೀರು ಮೊಗೆಯುವ ಕೈಗೆ ಬಳೆ ಇದೆ, ನಾದುವ ಕೈಗೆ ಇಲ್ಲ. ಮಧ್ಯೆ ಅಲುಗಿದ್ದೇ ಜೋಡಿಸಿದ ಜಾಗ. ಎರಡು ಬೇರೆ ಹೆಂಗಸರ ದೃಶ್ಯ ತಂದು ಹೊಲಿದಿದ್ದಾರೆ. ಬಳೆ ಎಂದರೆ ಅವರ ಸ್ವಂತ ಅಂಗಳ. ಎಷ್ಟು ನಾಯಕಿಯರ ಬಳೆ ಎಣಿಸಿದವರು. ಸಾಮಾನ್ಯವಾಗಿ ಯಾರನ್ನಾದರೂ ಜಾಗಕ್ಕೆ ಕಳಿಸದೆ ಅವರು ತೀರ್ಪು ಕೊಡುತ್ತಿರಲಿಲ್ಲ. ಅವತ್ತು ಮಾತ್ರ ಅದು ಬೇಕೆನಿಸಲಿಲ್ಲ. ಸಂಪಾದಕರೂ ಅವಸರ ಮಾಡಿದರು. ಇದು ಹೊಲಿಗೆ ಹಾಕಿದ ವಿಡಿಯೋ, ನಂಬಬೇಡಿ ಎಂದು ಸಂಜೆಯೊಳಗೆ ಪ್ರಕಟಿಸಿದೆವು. ಎರಡೂ ಕೈಗಳಿಗೆ ಕೆಂಪು ವೃತ್ತ ಹಾಕಿದವಳು ನಾನು.

ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಹುಡುಗರು ಒಬ್ಬೊಬ್ಬರಾಗಿ ಖಾನಾವಳಿಗೆ ಮರಳಿದರು, ಮಾಲೀಕರು ಸುಮ್ಮನಾದರು. ಅಕ್ಕನೇ ಫೋನ್ ಮಾಡಿ ಊಟಕ್ಕೆ ಕರೆದಳು. ಮೇಡಂ ಸ್ಕೂಟರಿನ ಹಿಂದೆ ನಾನು ಕೂತು ಹೋದೆ. ಅಡುಗೆ ನಡೆಯುವ ಹಿಂಬದಿಯ ಬಾಗಿಲಿಗೆ ಎದುರಾಗಿ ಕೂತೆವು. ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ನಾನು ಎರಡನೆಯ ರೊಟ್ಟಿ ಮುರಿಯುವಾಗ ಮೇಡಂ ಕೈ ನಿಂತದ್ದು ಕಂಡಿತು.

ಒಳಗೆ ಅಕ್ಕ ಹೊಸ ಹಿಟ್ಟಿಗೆ ಕೂತಿದ್ದಳು. ಪರಾತಿಗೆ ಕೈ ಹಾಕುವ ಮುಂಚೆ ಹಸಿರು ಬಳೆಗಳನ್ನೆಲ್ಲ ಮೊಣಕೈಯತ್ತ ಒತ್ತಿ ಏರಿಸಿ, ಮೇಲೊಂದು ಬಟ್ಟೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದಳು. ಮೇಲಿನಿಂದ ನೋಡುವವರಿಗೆ ಅದು ರವಿಕೆಯ ತೋಳಿನಂತೆಯೇ ಕಾಣುತ್ತಿತ್ತು. ಮೇಡಂ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಬಿಡದೆ ತಿಂದು ಮುಗಿಸಿದರು, ಅನ್ನ ಚೆಲ್ಲುವವರಲ್ಲ ಅವರು. ಕೈ ತೊಳೆದು ಹೋಗಿ, ದಿನಾ ಹೀಗೇ ಕಟ್ಟಿಕೊಳ್ಳುತ್ತೀರಾ ಎಂದು ಕೇಳಿದರು. ಹೌದೆಂದಳು ಅಕ್ಕ, ಬಳೆ ಒಡೆದು ಚೂರು ಹಿಟ್ಟಿಗೆ ಬಿದ್ದರೆ ಹುಡುಗರ ಬಾಯಿಗೆ ಹೋಗುತ್ತದೆ ಎಂದಳು. ಮೇಡಂ ನನ್ನ ಕಡೆ ತಿರುಗಿದರು.

"ತಪ್ಪು ಹೇಳಿದೀವಿ ಕಣೇ. ಎರಡೂ ಒಂದೇ ಕೈ."

ಬಸ್ಸು ಬಂತು ಎನ್ನುವ ಧ್ವನಿಯಲ್ಲಿ ಹೇಳಿದರು. ಕೈ ಒಂದೇ ಆದರೆ ವಿಡಿಯೋ ಹೊಲಿದದ್ದಲ್ಲ. ಹೊಲಿದದ್ದಲ್ಲದಿದ್ದರೆ ಆ ಬಕೆಟ್ಟಿನ ನೀರು?

ಹೊರಗೆ ಬಂದು ಸಂಪಾದಕರಿಗೆ ಫೋನ್ ಮಾಡಿದೆವು. ಕೆದಕಬೇಡಿ ಎಂದರು ಅವರು. ಹೇಗೂ ಒಳ್ಳೆಯದೇ ಆಗಿದೆ, ಯಾರಿಗೂ ಗೊತ್ತಾಗಿಲ್ಲ, ತೀರ್ಪು ವಾಪಸು ತೆಗೆದುಕೊಂಡರೆ ಆ ಹೆಂಗಸಿನ ಗತಿ ಏನು ಎಂದರು. ಅವರದು ಕಲ್ಲು ಮನಸ್ಸಿನ ಮಾತಾಗಿರಲಿಲ್ಲ. ನನಗೂ ಹಾಗೇ ಅನಿಸಿತ್ತು. ಮೇಡಂ ಮಾತ್ರ ಫೋನಿನಲ್ಲೇ, ಬಕೆಟ್ಟಿನಲ್ಲಿ ಏನಿತ್ತು ಎಂಬುದು ನನಗೆ ಈಗ ಗೊತ್ತಿಲ್ಲ, ಗೊತ್ತಿದೆ ಎಂದು ನನ್ನ ಹೆಸರಿನಲ್ಲಿ ಒಂದು ಸುದ್ದಿ ಓಡಾಡುತ್ತಿದೆ, ಅದು ಇವತ್ತು ನಿಲ್ಲಬೇಕು ಎಂದರು.

ಅಲ್ಲಿಂದ ನೇರ ಅಕ್ಕನ ಹತ್ತಿರ ಹೋಗಿ ಸುತ್ತಿ ಬಳಸದೆ ಹೇಳಿಬಿಟ್ಟರು. ನಿಮ್ಮ ಪರವಾಗಿ ನಾವು ಹೇಳಿದ ಕಾರಣ ತಪ್ಪು, ಅದನ್ನು ತೆಗೆಯುತ್ತಿದ್ದೇವೆ ಎಂದು. ಅಕ್ಕ ಕೈಯಲ್ಲಿದ್ದ ಹಿಟ್ಟನ್ನು ಪರಾತಿಗೆ ಎಸೆದಳು.

"ಛಲೋ ಆಗೇತಿ, ಮಂದಿ ಬರಾಕತ್ತಾರ. ನೀವಽ ಕಟ್ಟಿ ನೀವಽ ಯಾಕ ಕೆಡವ್ತೀರಿ?"

"ಇವತ್ತು ನನ್ನ ತಪ್ಪು ನನ್ನ ಕಣ್ಣಿಗೆ ಬಿದ್ದಿದೆ ಕಣಮ್ಮ. ನಾಳೆ ಆ ವಿಡಿಯೋ ಹಾಕಿದವನ ಕಣ್ಣಿಗೆ ಬೀಳತ್ತೆ. ಆಮೇಲೆ ನಾನು ನಿಮ್ಮ ಪರವಾಗಿ ನಿಜ ಹೇಳಿದ್ರೂ ಯಾರೂ ಕೇಳಲ್ಲ."

ಅಕ್ಕ ಹಿಟ್ಟನ್ನು ಮತ್ತೆ ಕೈಗೆತ್ತಿಕೊಂಡಳು. ಮೇಡಂ ಬಕೆಟ್ಟಿನ ವಿಷಯ ಕೇಳಿದರು. ರೊಟ್ಟಿ ಹಿಟ್ಟಿಗೆ ಕುದಿಯುವ ನೀರೇ ಬೇಕು, ಒಲೆಯ ಮೇಲೆ ಸಾರು ಇರುತ್ತದೆ ಎಂದು ಮೊದಲೇ ನೀರು ಕಾಯಿಸಿ ಸ್ಟೀಲ್ ಬಕೆಟ್ಟಿಗೆ ಸುರಿದಿಡುತ್ತಾಳೆ, ಹಿಟ್ಟು ಮೆತ್ತಿದ ಚೊಂಬು ಅದ್ದಿ ಅದ್ದಿ ನೀರು ಮಬ್ಬಾಗುತ್ತದೆ. ಒರೆಸುವ ಕೋಲಿಗೂ ಅದಕ್ಕೂ ಸಂಬಂಧವೇ ಇಲ್ಲ, ಕೋಲು ಹಿಂದಿನ ಗೋಡೆಗೆ ಒರಗಿರುತ್ತದೆ ಎಂದಳು ಅಕ್ಕ. ಮೇಡಂ ತಲೆಯಾಡಿಸಿದರು. ಆದರೆ ಬಾಯಿಮಾತು ಅವರಿಗೆ ಸಾಲದು. ವಿಡಿಯೋ ತೆಗೆದವನು ಎಲ್ಲಿ ನಿಂತಿದ್ದ ಎಂದು ಹುಡುಕಲು ಹೊರಟರು.

ಅಡುಗೆ ಜಾಗದ ಪಕ್ಕದಲ್ಲೇ ಮೇಲಿನ ಬಾಡಿಗೆ ಕೋಣೆಗಳಿಗೆ ಹೋಗುವ ಮೆಟ್ಟಿಲಿತ್ತು. ಮಂಡಿ ನೋವಿನವರು, ಒಂದೊಂದೇ ಮೆಟ್ಟಿಲಿಗೆ ನಿಂತು, ಫೋನ್ ಹಿಡಿದು, ವಿಡಿಯೋದ ಮೊದಲ ಚಿತ್ರಕ್ಕೆ ಹೋಲಿಸುತ್ತ ಹತ್ತಿದರು. ತಿರುವಿನ ಮೆಟ್ಟಿಲಲ್ಲಿ ಹೋಲಿಕೆ ಸರಿಬಂತು. ಗೋಡೆಗೆ ಒರಗಿದ್ದ ಕೋಲು ಫೋನಿನಲ್ಲಿ ಬಕೆಟ್ಟಿನೊಳಗೆ ನೆಟ್ಟ ಹಾಗೆ ನಿಂತಿತ್ತು. ಒಂದು ಮೆಟ್ಟಿಲು ಇಳಿದರೆ ಕೋಲು ಒಂದು ಕಡೆ, ಬಕೆಟ್ಟು ಇನ್ನೊಂದು ಕಡೆ. ಅಲ್ಲೇ ಕೂತು ವಿಡಿಯೋದ ಅಲುಗುವ ಜಾಗವನ್ನು ನಿಧಾನವಾಗಿ ಓಡಿಸಿದೆವು. ನಾವು ಹೊಲಿಗೆ ಎಂದುಕೊಂಡಿದ್ದು ತೆಗೆದವನು ಒಂದು ಮೆಟ್ಟಿಲು ಇಳಿದದ್ದು. ಆ ಕ್ಷಣದಲ್ಲಿ ಕೋಲು ಬಕೆಟ್ಟಿನಿಂದ ಸರಿದು ಗೋಡೆಯ ಹತ್ತಿರ ಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಇಳಿದ ಮೇಲೆ ಸ್ವಲ್ಪ ಹೊತ್ತು ಅಕ್ಕನ ಕೈ ಚಿತ್ರದ ಅಂಚಿನಾಚೆ ಇತ್ತು, ಬಳೆ ಏರಿಸಿ ಕಟ್ಟಿಕೊಂಡದ್ದು ಆಗಲೇ. ಮುಂದೆ ಅಕ್ಕ ಸೌಟಿನ ಹಿಡಿಯಿಂದ ಹಿಟ್ಟು ತಿರುವುತ್ತಾಳೆ, ಬೆರಳು ತಾಗಿಸಿ ಸರಕ್ಕನೆ ಹಿಂದೆಳೆದು ಊದಿಕೊಳ್ಳುತ್ತಾಳೆ. ಇದನ್ನೂ ನಾವು ನೋಡಿದ್ದೆವು, ಬಳೆಯ ಗುಂಗಿನಲ್ಲಿ ಕಂಡಿರಲಿಲ್ಲ. ನೆಲ ಒರೆಸುವ ನೀರನ್ನು ಯಾರಾದರೂ ಕುದಿಸುತ್ತಾರೇನೇ ಎಂದು ಮೇಡಂ ತಮ್ಮನ್ನೇ ಬೈದುಕೊಂಡರು.

ಆಮೇಲೆ ಅಕ್ಕನನ್ನೂ ಮೇಲೆ ಕರೆದರು. ಅವಳು ಬರಲೊಲ್ಲೆ ಎಂದಳು. ಮೇಡಂ ಹಟ ಹಿಡಿದರು. ಕೊನೆಗೆ ಹಿಟ್ಟಿನ ಕೈಯಲ್ಲೇ ಹತ್ತಿ ಬಂದು, ತಿರುವಿನಲ್ಲಿ ನಿಂತು, ನಾನು ಹಿಡಿದ ಫೋನಿನಲ್ಲಿ ತನ್ನ ಅಡುಗೆ ಜಾಗವನ್ನು ನೋಡಿದಳು. ಬಕೆಟ್ಟು, ಅದರೊಳಗೆ ನಿಂತ ಕೋಲು.

"ಹಿಂಗ ಕಂಡ್ರ ನಾನೂ ಉಣ್ಣಾಕ ಬರ್ತಿದ್ದಿಲ್ಲ ಬಿಡ್ರಿ" ಎಂದಳು.

ಅವಳು ಅಷ್ಟು ದಿನ ಊರಿಗೆ ಊರೇ ತನ್ನ ಮೇಲೆ ಹಗೆ ಸಾಧಿಸುತ್ತಿದೆ ಎಂದುಕೊಂಡಿದ್ದಳು. ಒಂದು ಮೆಟ್ಟಿಲು ಇಳಿಸಿ ಮತ್ತೆ ತೋರಿಸಿದೆ. ಕೋಲು ಗೋಡೆಗೆ ಹೋಯಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಹಾಕ್ರಿ, ತಪ್ಪಾತು ಅಂತನೂ ಹಾಕ್ರಿ ಎಂದು ಕೆಳಗಿಳಿದು ಹೋದಳು. ಆ ಮೆಟ್ಟಿಲ ಮೇಲೆ ನನಗೆ ಮೇಡಂ ಬಗ್ಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಅವತ್ತೇ ತಿದ್ದುಪಡಿ ಹೋಯಿತು. ತಿದ್ದುಪಡಿಯನ್ನು ಇರುವೆ ಗಾತ್ರದ ಅಕ್ಷರದಲ್ಲಿ ಕೆಳಗೆಲ್ಲೋ ತೂರಿಸುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಮೇಡಂ ಮೊದಲ ಸುದ್ದಿ ಎಲ್ಲಿತ್ತೋ ಅಲ್ಲೇ, ಎಷ್ಟು ದಪ್ಪವಿತ್ತೋ ಅಷ್ಟೇ ದಪ್ಪದಲ್ಲಿ ಹಾಕಿಸಿದರು. ಬಳೆಯ ಬಗ್ಗೆ ನಾವು ಹೇಳಿದ್ದು ತಪ್ಪು, ವಿಡಿಯೋ ಹೊಲಿದದ್ದಲ್ಲ, ಕೈ ಒಂದೇ ಎಂದು ಮೊದಲು. ಎರಡು ಮೆಟ್ಟಿಲುಗಳಿಂದ ತೆಗೆದ ಎರಡು ಚಿತ್ರ, ಕುದಿಯುವ ನೀರು ಆಮೇಲೆ. ತೆಗೆದವನು ಬೇಕೆಂದೇ ಹಾಗೆ ತೆಗೆದನೋ, ಅವನ ಕಣ್ಣಿಗೂ ಹಾಗೇ ಕಂಡಿತೋ ಗೊತ್ತಿಲ್ಲವೆಂದೂ ಬರೆಸಿದರು. ಸಂಪಾದಕರು ಹಣೆ ಹಿಡಿದುಕೊಂಡು ಕೂತಿದ್ದರು. ನಾನು ಅಕ್ಕನ ಖಾನಾವಳಿಯ ಬಾಗಿಲು ಮುಚ್ಚಿದ ಚಿತ್ರವನ್ನೇ ಮನಸ್ಸಿನಲ್ಲಿ ನೋಡುತ್ತಿದ್ದೆ. ಮೇಡಂ ನಿಶ್ಚಿಂತೆಯಿಂದ ಕಡಲೆಕಾಯಿ ತಿಂದರು.

ಮಾರನೆಯ ದಿನ ಮಧ್ಯಾಹ್ನ, ಮೇಡಂ ಹೇಳಿದಂತೆಯೇ, ವಿಡಿಯೋ ಹಾಕಿದ ಆ ಪುಟದವನು ಬಂದ. ಅಕ್ಕ ಬಳೆ ಏರಿಸಿ ಕಟ್ಟಿದ್ದ ಬಟ್ಟೆಯನ್ನು ದೊಡ್ಡದು ಮಾಡಿ, ವೃತ್ತ ಹಾಕಿ, ಫ್ಯಾಕ್ಟ್ ಚೆಕ್‌ನವರ ಬಣ್ಣ ಬಯಲು ಎಂದು ಹಾಕಿದ್ದ. ಕೆಳಗೆ ಮೊದಲ ಕಾಮೆಂಟು ಯಾವನೋ ಹುಡುಗನದು.

"ಅದನ್ನ ಅವರೇ ನಿನ್ನೆ ಹೇಳಿದಾರೆ ಗುರು. ಲೇಟಾಯ್ತು. ಬಾ, ರೊಟ್ಟಿ ತಿನ್ನು."

ಅದರ ಕೆಳಗೆ ನಗುವವರ ಸಾಲು. ಸಂಜೆಯೊಳಗೆ ಅವನು ಅದನ್ನು ಅಳಿಸಿಹಾಕಿದ. ಅಷ್ಟರಲ್ಲಿ ನಾನು ಕುಣಿಯುತ್ತ ಮೇಡಂ ಮೇಜಿಗೆ ಓಡಿದ್ದೆ. ಅವರು ಕಾಮೆಂಟನ್ನು ಎರಡು ಸಲ ಓದಿದರು. ನಗಲಿಲ್ಲ. ಈ ಹುಡುಗ ನಿಜವಾಗಲೂ ಅಲ್ಲಿ ಉಣ್ಣುವವನೋ ಅಥವಾ ಸುಮ್ಮನೆ ಬರೆದಿದ್ದಾನೋ, ಫೋನ್ ಮಾಡಿ ವಿಚಾರಿಸು ಎಂದರು. ಇಂಥ ಹೊತ್ತಿನಲ್ಲೂ ಇದೇ ಬುದ್ಧಿಯೇ ಎಂದು ಗೊಣಗುತ್ತ ಅಕ್ಕನಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದಳು. ಹಿಂದೆ ತಟ್ಟೆಗಳ ಸದ್ದು, ಯಾರೋ ಚಟ್ನಿ ಕೇಳುತ್ತಿದ್ದರು. ಹುಡುಗನ ಹೆಸರು ಹೇಳಿ ಕೇಳಿದೆ.

"ಬರ್ತಾನ್ರಿ, ಈಗೂ ಇಲ್ಲೇ ಅದಾನ" ಎಂದಳು ಅಕ್ಕ. "ಆಮ್ಯಾಲ ಮಾಡ್ರಿ, ಮಂದಿ ಕುಂತಾರ."